ಮೊದಲೇ ಫೋನ್ ಬಂದರೆ

ಅಕ್ಟೋಬರ್ 9, ಬುಧವಾರ. ಬೆಳಿಗ್ಗೆ

ಇವತ್ತೂ ಇತ್ತು. ಹಲ್ಲುಜ್ಜಿ ಕ್ಯಾಕರಿಸಿದಾಗ ಕಫದಲ್ಲಿ ಕೆಂಪು ಎಳೆ, ದಾರದಷ್ಟು. ಅಮ್ಮ ಎದ್ದು ಬರುವ ಮೊದಲು ಬೇಸಿನ್ ತೊಳೆದು ಒರೆಸಿದೆ. ಎಡಗಿವಿ ಹಾಗೇ ಇದೆ. ಬಂದರಿನ ಅಡಿಯ ಸುರಂಗದಲ್ಲಿ ರೈಲು ಹೋಗುವಾಗ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಮೇಲೆ ಬಂದರೂ ಬಿಡುತ್ತಿಲ್ಲ.

ನಿನ್ನೆ ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ಕ್ಲಿನಿಕ್ಕಿನಿಂದ ಅಪಾಯಿಂಟ್‌ಮೆಂಟ್ ಬಂತು. ಡಿಸೆಂಬರ್. ಎರಡನೇ ಸಲ ಓದಿದಾಗ ಗೊತ್ತಾಯಿತು — ಈ ವರ್ಷದ್ದಲ್ಲ, ಮುಂದಿನ ವರ್ಷದ್ದು.

ಮೊದಲು ಆದದ್ದು ಸಮಾಧಾನ. ಬರೆದಿಡುತ್ತೇನೆ, ಯಾಕೆಂದರೆ ಅದು ನಿಜ. ಇಷ್ಟು ದೂರ ಹಾಕಿದ್ದಾರೆ ಎಂದರೆ ಏನೂ ಇರಲಾರದು ಎಂದುಕೊಂಡೆ. ಆಮೇಲೆ ಹೊಳೆಯಿತು. ದೂರ ಹಾಕಿದ್ದು ನಾನು ಹೇಳಿದ್ದನ್ನು ನಂಬಿ. ನಾನು ಹೇಳಿದ್ದೇನು? ಕೆಳಗಿನ ಬೀದಿಯ ಡಾಕ್ಟರ್ ಲೌ ಕೇಳಿದರು, ಏನು ತೊಂದರೆ ಮಿಸ್ ಯಿಪ್? “ಕಿವಿ ಸ್ವಲ್ಪ ಕಟ್ಟಿದೆ.” ಬೇರೇನಾದರೂ? “ಅಂಥದ್ದೇನಿಲ್ಲ.” ಅವರು ಹಾಗೇ ಬರೆದು ಕಳಿಸಿದರು. ರಕ್ತ ಎನ್ನುವುದು ಬಾಯಿಗೆ ಬರಲಿಲ್ಲ. ಅಪ್ಪ ಯಾವುದರಿಂದ ಹೋದರು ಎನ್ನುವುದೂ.

ಕಾನ್ವೆಂಟಿನಲ್ಲಿ ಸಿಸ್ಟರ್ ಹೇಗಿದ್ದೀ ಎಂದರೆ ಫೈನ್ ಥ್ಯಾಂಕ್ ಯೂ. ಜ್ವರವಿದ್ದರೂ ಫೈನ್. ತಪ್ಪನ್ನು ಆ ಅಭ್ಯಾಸದ ಮೇಲೆ ಹಾಕಿಬಿಡಬಹುದು. ಆದರೆ ದೂರದ ತಾರೀಖು ಬೇಕಾಗಿದ್ದದ್ದು ನನಗೇ ಇರಬಹುದೇ?


ಅಕ್ಟೋಬರ್ 11, ಶುಕ್ರವಾರ

ಚುಂಗ್ ಯೆಯುಂಗ್ ರಜೆ, ಹಿರಿಯರ ಗೋರಿಗೆ ಹೋಗುವ ಹಬ್ಬ. ಅಮ್ಮನ ಜೊತೆ ಗುಡ್ಡ ಹತ್ತಿ ಅಪ್ಪನ ಗೋರಿಗೆ. ಕಳೆ ಕಿತ್ತೆವು, ಕಲ್ಲು ಒರೆಸಿದೆವು. ಎಡೆಗೆ ಹುರಿದ ಹಂದಿಮಾಂಸ, ಕಿತ್ತಳೆ, ಮೂರು ಲೋಟ ಮದ್ಯ. ಅಮ್ಮ ಎಂದಿನಂತೆ ಅಪ್ಪನಿಗೆ ವರದಿ ಒಪ್ಪಿಸಿದಳು.

“ಕೇಳ್ರೀ, ಲಿಫ್ಟು ಎರಡು ತಿಂಗಳಿಂದ ಕೆಟ್ಟಿದೆ. ನಿಮ್ಮಳಿಯ ಇನ್ನೂ ರಾತ್ರಿ ಪಾಳಿ. ಮಗಳು ಸಣ್ಣಗಾಗಿದ್ದಾಳೆ, ಆ ಸ್ಕೂಲಿನೋರು ರಕ್ತ ಹೀರ್ತಾರೆ. ಏನಾದ್ರೂ ಮಾಡಿ, ಸುಮ್ನೆ ಮಲಗಿರ್ಬೇಡಿ.”

ನಕ್ಕೆ. ನಕ್ಕದ್ದು ಎಡಗಿವಿಯೊಳಗೆ ಮಡಕೆಯಲ್ಲಿ ಸದ್ದಾದ ಹಾಗೆ ಕೇಳಿಸಿತು.

ಅಪ್ಪನಿಗೂ ಕಿವಿಯಿಂದಲೇ ಶುರುವಾದದ್ದು. ಮೂಗಿನ ಹಿಂದಿನ ಆ ಗಡ್ಡೆ, ನಮ್ಮ ಜನರಿಗೇ ಹೆಚ್ಚು ಬರುವಂಥದ್ದು. ಉಪ್ಪು ಹಾಕಿ ಒಣಗಿಸಿದ ಮೀನು ಚಿಕ್ಕಂದಿನಿಂದ ತಿಂದವರಿಗೆ ಇನ್ನೂ ಹೆಚ್ಚು ಎಂದು ಆಗಿನ ಡಾಕ್ಟರು ಅಮ್ಮನೆದುರೇ ಹೇಳಿದ್ದರು. ಅವತ್ತೇ ಅಡುಗೆಮನೆಯಲ್ಲಿದ್ದ ಉಪ್ಪುಮೀನೆಲ್ಲ ಕಸದ ಬುಟ್ಟಿಗೆ. ಈಗಲೂ ಒಣಮೀನಿನ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಕಡೆ ನಡೆಯುತ್ತಾಳೆ. ಅವಳಿಗೆ ಹೇಳಿದರೆ ನಾನು ಸಣ್ಣವಳಿದ್ದಾಗ ಉಣಿಸಿದ ತುತ್ತುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಾಳೆ. ಹೇಳಬಾರದು. ಏನೂ ಇಲ್ಲದಿರಲೂಬಹುದು.


ಅಕ್ಟೋಬರ್ 17, ಗುರುವಾರ

ಗಂಡ ಟಾಕ್-ಹೇಯ್‌ಗೆ ಹೇಳಿದೆ. ಹಳಿ ರಿಪೇರಿ ಮುಗಿಸಿ ಬೆಳಿಗ್ಗೆ ಬಂದು ಶೂ ಬಿಚ್ಚುತ್ತಿದ್ದ. ಒಂದು ಶೂ ಕೈಯಲ್ಲೇ ಹಿಡಿದು ಕೂತ.

“ಮುಂದಿನ ಡಿಸೆಂಬರಾ?” ಎಂದ. “ಎಮರ್ಜೆನ್ಸಿಗೆ ಹೋಗಿ ದಬಕ್ ಅಂತ ಬಿದ್ದುಬಿಡು. ಉದ್ದ ಇದ್ದೀಯ, ಸದ್ದು ಚೆನ್ನಾಗಾಗತ್ತೆ.”

“ತಮಾಷೆ ಬೇಡ.”

“ತಮಾಷೆ ಅಲ್ಲ ಕಣೆ. ಪ್ರೈವೇಟಲ್ಲಿ ತೋರಿಸೋಣ.”

ತೋರಿಸಬಹುದು. ಎರಡು ಕಡೆ ಕೇಳಿದೆ, ಅಲ್ಲೂ ವಾರಗಟ್ಟಲೆ ಸರದಿ. ಮತ್ತೆ, ಏನಾದರೂ ಸಿಕ್ಕಿದರೆ? ಚಿಕಿತ್ಸೆಯನ್ನೆಲ್ಲ ಖಾಸಗಿಯಲ್ಲಿ ಮಾಡಿಸುವ ಶಕ್ತಿ ನಮಗಿಲ್ಲ, ತಿರುಗಿ ಸರ್ಕಾರಿ ಆಸ್ಪತ್ರೆಯ ಇದೇ ಬಾಗಿಲಿಗೇ ಬರಬೇಕು. ಹೀಗೆಲ್ಲ ಅವನಿಗೆ ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ. ಅವನು ಕೊನೆಯ ತನಕ ಕೇಳಿ, “ಹೆದರಿದೀಯ,” ಎಂದ. ಅಷ್ಟೇ.

ಸಂಜೆ ಡಾಕ್ಟರ್ ಲೌ ಹತ್ತಿರ ಮತ್ತೆ ಹೋದೆ. ಈ ಸಲ ಎಲ್ಲ ಹೇಳಿದೆ. ರಕ್ತ, ಅಪ್ಪ. ಅವರು ಕತ್ತಿನ ಎಡಗಡೆ ಬೆರಳಿಟ್ಟು ಒತ್ತಿದರು. ಮಾತಾಡುತ್ತಿದ್ದವರು ನಿಲ್ಲಿಸಿದರು. “ಇದು ಯಾವಾಗಿಂದ ಇದೆ?” ನನಗೆ ಗೊತ್ತೇ ಇರಲಿಲ್ಲ. ಈಗ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಸಣ್ಣ ಲಿಚಿಯಂಥ ಲೊಂಗಾನ್ ಹಣ್ಣಿನ ಬೀಜದಷ್ಟು ಗಂಟು.


ಅಕ್ಟೋಬರ್ 22, ಮಂಗಳವಾರ

ಅರ್ಧ ದಿನ ರಜೆ ಹಾಕಿ ಹೊಸ ಪತ್ರ ಕ್ಲಿನಿಕ್ಕಿನ ಕೌಂಟರಿಗೆ ಕೊಟ್ಟೆ. ನರ್ಸು ಒಳಗೆ ಒಯ್ದಳು. ಹೊರಗೆ ಬಂದಾಗ ತಾರೀಖು ಜನವರಿ ಆರು.

“ಇನ್ನೂ ಬೇಗ ಆಗಲ್ವಾ?”

“ಇದೇ ಬೇಗ, ಮಿಸ್. ಯಾರಾದ್ರೂ ಬರಲ್ಲ ಅಂದ್ರೆ ಆ ಜಾಗಕ್ಕೆ ಕರೀತೀವಿ. ಫೋನ್ ಕೈಯಲ್ಲೇ ಇರ್ಲಿ. ಎತ್ತದಿದ್ರೆ ಮುಂದಿನೋರಿಗೆ ಹೋಗತ್ತೆ.”

ಮೊಬೈಲ್ ನಂಬರ್ ಕೊಟ್ಟೆ. ಮನೆಯ ನಂಬರ್ ಹಳೇ ದಾಖಲೆಯಲ್ಲಿತ್ತು, ಇರಲಿ ಎಂದೆ.


ನವೆಂಬರ್ 5, ಮಂಗಳವಾರ

ಫೋನ್ ಮೇಜಿನ ಮೇಲಿಟ್ಟು ಪಾಠ ಮಾಡುತ್ತಿದ್ದೇನೆ. ಮಕ್ಕಳಿಗೆ ಬೇಡವೆಂದದ್ದನ್ನು ಟೀಚರೇ ಮಾಡುವುದು. ನದೀಮುಖಜ ಭೂಮಿ ವಿವರಿಸುತ್ತ ಕಣ್ಣು ಪರದೆಯ ಮೇಲೆ. ಎಡಗಡೆ ಸಾಲಿನವರು ಪ್ರಶ್ನೆ ಕೇಳಿದರೆ ಕೇಳಿಸುವುದಿಲ್ಲ, ಬಲಕ್ಕೆ ತಿರುಗಿ ನಿಲ್ಲುತ್ತೇನೆ. ಬಂದ ಫೋನುಗಳು: ಸಾಲ ಬೇಕೇ ಎಂದು ಒಂದು, ಟಾಕ್-ಹೇಯ್ ಒಂದು. ಆಸ್ಪತ್ರೆಯಿಂದ ಇಲ್ಲ.

ರಕ್ತ ಎರಡು ದಿನ ಇರಲಿಲ್ಲ. ಇವತ್ತು ಮತ್ತೆ.


ನವೆಂಬರ್ 13, ಬುಧವಾರ



ಊಟಕ್ಕೆ ಕೂತಾಗ ಅಮ್ಮ ಬಹಳ ಖುಷಿಯಲ್ಲಿದ್ದಳು. ಮೀನಿನ ಕೆನ್ನೆಯ ತುಂಡು ನನ್ನ ಬಟ್ಟಲಿಗೆ ಹಾಕಿ, “ಇವತ್ತು ಒಬ್ಬಳು ಕಳ್ಳಿ ಫೋನ್ ಮಾಡಿದ್ಲು. ಬಿಡ್ಲಿಲ್ಲ ನಾನು,” ಎಂದಳು.

ಟಾಕ್-ಹೇಯ್ ಕೇಳಿದ. “ಏನಂತೆ ಅತ್ತೆ?”

“ಯಿಪ್ ಲಾಯ್-ಕ್ವಾನ್ ಇದಾರಾ ಅಂತ. ಆಸ್ಪತ್ರೆಯಿಂದ ಅಂತ. ಗುರುತಿನ ಚೀಟಿ ನಂಬರಿನ ಮೊದಲ ನಾಲ್ಕು ಅಂಕೆ ಹೇಳಿ ಅಂತ. ಎಷ್ಟು ನಯ ಅಂತೀಯ, ಬೆಣ್ಣೇಲಿ ಕೂದಲು ತೆಗೆದ ಹಾಗೆ. ನಾನಂದೆ, ಲೇ, ಬೇರೆಯೋರ ಮಕ್ಕಳಿಗೆ ಕಾಯಿಲೆ ಅಂಟಿಸಿ ಅನ್ನ ತಿಂತೀಯಲ್ಲ, ನಿಮ್ಮಮ್ಮ ಇದನ್ನೇ ಕಲಿಸಿದ್ಲಾ? ಅಜ್ಜೀ ಒಂದ್ನಿಮಿಷ ಕೇಳಿ ಅಂದ್ಲು. ಯಾವಳೇ ನಿನಗೆ ಅಜ್ಜಿ? ಆ ಕಾಯಿಲೆ ನಿನ್ನ ಮನೆಗೇ ಬರ್ಲಿ ಅಂತ ಹೇಳಿ ಕುಕ್ಕಿದೆ.” ನನ್ನ ಕಡೆ ನೋಡಿದಳು. “ನೀನು ಹೇಳಿಕೊಟ್ಟ ಹಾಗೇ ಮಾಡ್ದೆ.”

ಹೌದು, ಹೇಳಿಕೊಟ್ಟದ್ದು ನಾನೇ. ಮೇಲಿನ ಮಹಡಿಯ ಮುದುಕಿ ಇಂಥ ಫೋನ್ ನಂಬಿ ಕೂಡಿಟ್ಟದ್ದೆಲ್ಲ ಕಳೆದುಕೊಂಡ ಮೇಲೆ ಅಮ್ಮನಿಗೆ ಮಗುವಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದ್ದೆ. ಮಗಳು ಆಸ್ಪತ್ರೆಯಲ್ಲಿದ್ದಾಳೆ ಅಂದರೆ ಸುಳ್ಳು. ನಂಬರ್ ಕೇಳಿದರೆ ಕಳ್ಳರು. ಇಟ್ಟುಬಿಡು.

“ಒಳ್ಳೇದು ಮಾಡ್ದೆ ಅಮ್ಮ,” ಎಂದೆ. ಮೀನು ನುಂಗಿದೆ.

ಬಚ್ಚಲಿಗೆ ಹೋಗಿ ಮೊಬೈಲ್ ನೋಡಿದೆ. ವಂಚಕರ ಕರೆ ತಡೆಯುವ ಆ್ಯಪ್ ಹಾಕಿಕೊಂಡದ್ದು ಮರೆತೇಹೋಗಿತ್ತು. ತಡೆದ ಕರೆಗಳ ಪಟ್ಟಿಯಲ್ಲಿ ಒಂದು, ನಂಬರ್ ತೋರಿಸದ್ದು, ಇವತ್ತು ಬೆಳಗಿನದು. ಮೊದಲು ನನಗೇ ಮಾಡಿದ್ದರು.


ನವೆಂಬರ್ 14, ಗುರುವಾರ

ಕ್ಲಿನಿಕ್ ಲೈನ್ ಸಿಕ್ಕಿದ್ದು ಮಧ್ಯಾಹ್ನ. ಹುಡುಗಿ ನೋಡಿ ಹೇಳಿದಳು, “ಹೌದು, ನಿನ್ನೆ ಮಾಡಿದ್ವಿ. ಮೊಬೈಲ್ ಹೋಗ್ಲಿಲ್ಲ. ಮನೇಲಿ… ಒಬ್ರು ವಯಸ್ಸಾದೋರು ಮಾತಾಡಿದ್ರು.” ಮತ್ತೆ, “ಆ ಜಾಗ ಹೋಯ್ತು, ಮಿಸ್. ಜನವರಿ ಆರು ಹಾಗೇ ಇದೆ.”

ಗಂಟು ಈಗ ಬೀಜದಷ್ಟಿಲ್ಲ. ಹಣ್ಣಿನಷ್ಟಿದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೇಳದೆ ದಾರಿಯಿರಲಿಲ್ಲ, ಮತ್ತೆ ಫೋನ್ ಬಂದರೆ ಎತ್ತುವವಳು ಅವಳೇ. ಸೊಪ್ಪು ಬಾಡಿಸುತ್ತಿದ್ದಳು. ಗ್ಯಾಸ್ ಆರಿಸಿದಳು.

“ಯಾವ ಕಡೆ?”

“ಎಡ.”

ಸೌಟು ಕೈಯಲ್ಲೇ ಇತ್ತು. “ಆ ಹುಡುಗಿ ಹೇಳಿದ್ದು ನಿಜಾನಾ ಹಾಗಾದ್ರೆ.”

“ನಿಜ.”

“ನಾನು ಅವಳಿಗೆ… ಏನೇನೋ ಅಂದೆ.”

“ನಿನಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.”

ನನ್ನ ಕಡೆ ನೋಡದೆ, “ಚಿಕ್ಕೋಳಿದ್ದಾಗ ಆ ಮೀನಿಲ್ದೆ ಗಂಜಿ ಕುಡೀತಿರ್ಲಿಲ್ಲ ನೀನು,” ಎಂದಳು. ಅಂದುಕೊಂಡ ಹಾಗೇ. ಅದರಿಂದಲ್ಲ ಅಮ್ಮ ಎಂದೆ. ಯಾವುದರಿಂದ ಎಂದು ನನಗೇನು ಗೊತ್ತು.


ನವೆಂಬರ್ 15, ಶುಕ್ರವಾರ

ಎದ್ದಾಗ ಅಮ್ಮ ಮನೆಯಲ್ಲಿರಲಿಲ್ಲ. ಫೋನ್ ಎತ್ತಲಿಲ್ಲ. ಮೂರು ಪಿರಿಯಡ್ ಹೇಗೆ ಮಾಡಿದೆನೋ. ಊಟದ ಬಿಡುವಿನಲ್ಲಿ ಅವಳದೇ ಫೋನ್.

“ಆ-ಕ್ವಾನ್, ಸೋಮವಾರ ಬೆಳಿಗ್ಗೆ. ರಜೆ ಹಾಕು.”

ಬಾಗಿಲು ತೆರೆಯುವ ಮೊದಲೇ ಕ್ಲಿನಿಕ್ಕಿಗೆ ಹೋಗಿ ಕೂತಿದ್ದಳಂತೆ, ಎಗ್ ಟಾರ್ಟ್ ತಿಂಡಿಯ ಡಬ್ಬ ತೊಡೆಯ ಮೇಲೆ. ಕೌಂಟರಿನ ಒಬ್ಬೊಬ್ಬ ಹುಡುಗಿಯ ಮುಂದೆಯೂ ನಿಂತು, “ಬುಧವಾರ ನನ್ನ ಹತ್ರ ಬೈಸ್ಕೊಂಡೋಳು ನೀನಾ?” ಎಂದು ಕೇಳಿದಳಂತೆ. ಕೊನೆಗೆ ಸಿಕ್ಕಳು, ಚಿಕ್ಕ ಹುಡುಗಿ, ಕನ್ನಡಕ. ಅಮ್ಮ ಕೈಮುಗಿದಳು.

“ಏನಂದ್ಲು?”

“ಅಜ್ಜಿ, ದಿನಾ ಬೈಸ್ಕೊಳ್ತೀವಿ, ನಿಮ್ಮಷ್ಟು ಚೆನ್ನಾಗಿ ಯಾರೂ ಬೈದಿರ್ಲಿಲ್ಲ ಅಂದ್ಲು. ಪಟ್ಟೀಲಿ ನಿನ್ನ ಹೆಸರು ಮೇಲೇ ಇತ್ತಂತೆ. ಸೋಮವಾರದೋರು ಯಾರೋ ಬರಲ್ಲ ಅಂದ್ರಂತೆ. ನನ್ನೆದುರಿಗೇ ಹಾಕಿದ್ಲು.”

ಸ್ಟಾಫ್ ರೂಮಿನಲ್ಲಿ ಅತ್ತುಬಿಟ್ಟೆ. ಆಮೇಲೆ ಯೋಚನೆ — ನಿಜಕ್ಕೂ ನನ್ನ ಹೆಸರು ಮೇಲಿತ್ತೇ? ಅಥವಾ ಜನವರಿಗಾಗಿ ಸುಮ್ಮನೆ ಕಾಯುತ್ತಿರುವ ಇನ್ಯಾರದೋ? ಅವರ ತಾಯಿ ಹೋಗಿ ಕೂರಲಿಲ್ಲ, ಅಷ್ಟೇ. ಯೋಚಿಸಿದೆ. ಜಾಗ ಬಿಟ್ಟುಕೊಡಲಿಲ್ಲ.


ನವೆಂಬರ್ 18, ಸೋಮವಾರ

ಡಾಕ್ಟರ್ ಸಿಟ್, ನನಗಿಂತ ಚಿಕ್ಕವಳು. ಮೂಗಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟಳು. ಮೊದಲು ಎಲ್ಲ ಹೇಳಿಕೊಡುತ್ತಿದ್ದಳು — ಈಗ ಸ್ವಲ್ಪ ಉರಿ, ಈಗ ನುಂಗಿ. ಆಮೇಲೆ ಮಾತು ನಿಂತಿತು. ಅವತ್ತು ಡಾಕ್ಟರ್ ಲೌ ಮಾತು ನಿಂತ ಹಾಗೆ. ಚಿಮ್ಮಟದಿಂದ ಎರಡು ಚೂರು ತೆಗೆದಳು.

“ಪರೀಕ್ಷೆಗೆ ಕಳಿಸ್ತೀನಿ. ಡಿಸೆಂಬರ್ ಎರಡು, ಸೋಮವಾರ ಬನ್ನಿ. ಏನಾದ್ರೂ ಇದ್ರೆ ಅದಕ್ಕೂ ಮೊದ್ಲೇ ಫೋನ್ ಮಾಡಿ ಕರೀತೀವಿ. ಫೋನ್ ಬರ್ಲಿಲ್ಲ ಅಂದ್ರೆ ಗಾಬರಿ ಬೇಡ, ಆ ದಿನ ಬಂದ್ರೆ ಸಾಕು.”

ಅಮ್ಮ ಪಕ್ಕದಲ್ಲೇ ನಿಂತಿದ್ದಳು. “ಮನೆ ನಂಬರಿಗೆ ಮಾಡಿ ಡಾಕ್ಟ್ರೇ. ಇವಳು ಪಾಠದಲ್ಲಿರ್ತಾಳೆ. ನಾನಿರ್ತೀನಿ, ಈ ಸಲ ಬೈಯಲ್ಲ.” ನರ್ಸು ನಕ್ಕು ಮೊಬೈಲ್ ನಂಬರ್ ಹೊಡೆದುಹಾಕಿದಳು.

ತಿಂಗಳಿಂದ ಬೇಗ ಫೋನ್ ಬರಲಿ ಎಂದು ಬೇಡಿಕೊಂಡೆ. ಇನ್ನು ಬಾರದಿರಲಿ ಎಂದು ಬೇಡಬೇಕು. ಯಾವ ದೇವರಿಗೆ ಈ ತಿದ್ದುಪಡಿ ಹೇಳುವುದು.


ನವೆಂಬರ್ 21, ಗುರುವಾರ

ಸಂಜೆ ಮನೆಗೆ ಬಂದವಳು ಕೇಳುವುದಿಲ್ಲ. ಅಮ್ಮ ಹೇಳುವುದಿಲ್ಲ. ಅವಳ ಮುಖ ನೋಡುತ್ತೇನೆ, ಅವಳು ತಲೆ ಅಲ್ಲಾಡಿಸುತ್ತಾಳೆ. ಆಮೇಲೆ ಅನ್ನ ಬಡಿಸುತ್ತಾಳೆ.


ನವೆಂಬರ್ 25, ಸೋಮವಾರ

ಫೋನ್ ಬಂತು. ನೀರಿನ ಮೀಟರ್ ನೋಡುವವರದ್ದು. ಅಮ್ಮ “ಹೌದು, ನಾನು ಅವಳ ತಾಯಿ, ಹೇಳಿ” ಎಂದು ಅವರಿಗೆ ಹೇಳಿದಳಂತೆ. ಆಮೇಲೆ ಮಂಚದ ಮೇಲೆ ಮಲಗಿಬಿಟ್ಟಳಂತೆ. ಟಾಕ್-ಹೇಯ್ ಹೇಳಿದ, ನಗಿಸಲು ನೋಡಿದ. ಅವನ ಮುಖವೂ ಬಿಳಿಚಿತ್ತು.


ನವೆಂಬರ್ 29, ಶುಕ್ರವಾರ. ಸಂಜೆ ನಾಲ್ಕೂವರೆ

ಬರಲಿಲ್ಲ. ಐದಕ್ಕೆ ಕ್ಲಿನಿಕ್ ಮುಚ್ಚುತ್ತದೆ, ಶನಿ-ಭಾನು ರಜೆ. ಬಸ್ಸಿಳಿದು ಓಡಿ ಬಂದೆ, ಇಷ್ಟು ದಿನಗಳಲ್ಲಿ ಮೊದಲ ಸಲ ಎದೆ ಹಗುರ. ಇನ್ನು ಅರ್ಧ ಗಂಟೆ, ಆಮೇಲೆ ಏನೂ ಇಲ್ಲ ಎಂದೇ ಅರ್ಥ. ಅಮ್ಮ ಮೇಜಿನ ಹತ್ತಿರ ಬಟಾಣಿ ಬಿಡಿಸುತ್ತಿದ್ದಳು. ತಲೆ ಅಲ್ಲಾಡಿಸಿದಳು. ನಕ್ಕೆ. ಅವಳು ನಗಲಿಲ್ಲ.

ಬ್ಯಾಗ್ ಇಡಲು ಬಗ್ಗಿದಾಗ ಕಂಡಿತು. ಫೋನಿನ ತಂತಿ ಗೋಡೆಯಿಂದ ಕಿತ್ತು ನೆಲದ ಮೇಲಿದೆ.

“ಅಮ್ಮ, ಇದೇನು?”

“ಗುಡಿಸೋವಾಗ ಬಂದುಬಿಟ್ಟಿರ್ಬೇಕು.”

“ಯಾವಾಗ ಗುಡಿಸಿದ್ದು?”

ಬಟಾಣಿ ಒಂದು, ಇನ್ನೊಂದು.

“ಬುಧವಾರ.”

ಬೈಯಲು ಬಾಯಿ ಬರಲಿಲ್ಲ. ಮುಂದಿನ ವರ್ಷದ ಡಿಸೆಂಬರ್ ನೋಡಿ ಸಮಾಧಾನಪಟ್ಟವಳು ನಾನು. ಹಾಗೇ ಬಿಟ್ಟುಬಿಡಬಹುದಿತ್ತು. ಸೋಮವಾರ ಹೇಗೂ ಹೋಗುತ್ತೇವಲ್ಲ, ಮೂರು ರಾತ್ರಿ ನಿದ್ದೆಯಾದರೂ — ತಂತಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ.

ಹಾಕಿದೆ. ಕಿವಿಗಿಟ್ಟು ನೋಡಿದೆ, ಬಲಗಿವಿಗೆ. ಲೈನ್ ಇದೆ. ಕೆಳಗಿಟ್ಟೆ.

ಬುಧವಾರದಿಂದ ಸಿಗದೇ ಹೋಗಿದ್ದರೆ ಮುಚ್ಚುವ ಮೊದಲು ಇನ್ನೊಮ್ಮೆ ಮಾಡಿ ನೋಡುತ್ತಾರೆ. ಆ ಕನ್ನಡಕದ ಹುಡುಗಿ ಬಿಡುವವಳಲ್ಲ. ಅಮ್ಮ ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು ನನ್ನ ಎಡಗಡೆ ಬಂದು ಕೂತಿದ್ದಾಳೆ. ಏನೋ ಹೇಳುತ್ತಿದ್ದಾಳೆ, ಆ ಕಡೆಯಿಂದ ಕೇಳಿಸುತ್ತಿಲ್ಲ. ತಿರುಗಿ ಕೇಳಬೇಕು. ಇನ್ನು ಹನ್ನೆರಡು ನಿಮಿಷ. ಬರೆಯುತ್ತಿದ್ದರೆ ಹೊತ್ತು — ಫೋನ್