ಮಲ್ಪೆಯ ನೀರಿಗೆ ಬಿಟ್ಟದ್ದು

ಮಲ್ಪೆ ಬಂದರು
೧೫ ಜನವರಿ ೧೯೦೬, ಪುಷ್ಯ ಬಹುಳ

ಸೌಭಾಗ್ಯವತಿ ಸರ್ವಮಂಗಳಳಿಗೆ ಏಕಾಂತಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ಬಾಗೂರಿನಲ್ಲಿ ನೀನೂ ಅವ್ವನೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಗೆ ಬರುತ್ತೇನೆಂದವನು ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ, ಸಿಟ್ಟು ಮಾಡಿಕೊಂಡಿರುತ್ತೀಯ. ಮಾಡಿಕೋ. ಇದನ್ನು ಓದಿದ ಮೇಲೆ ಅಷ್ಟು ಸಿಟ್ಟು ಸಾಲದು ಎನಿಸುತ್ತದೆ. ಅವ್ವನಿಗೆ ಓದಿ ಹೇಳಬೇಡ.

ಹೊಳಲ್ಕೆರೆ ಗುಡ್ಡಗಳಲ್ಲಿ ಗಣಿ ಹುಡುಕುವ ನಮ್ಮ ದೊರೆಗೆ ರಜೆಯಲ್ಲಿ ಕಡಲ ಮೀನು ಹಿಡಿಯುವ ಹುಚ್ಚು. ನಮ್ಮೂರಲ್ಲಿ ಕಂಬಳಿ ಬಿಟ್ಟು ಏಳಲಾಗದ ಈ ಚಳಿಗಾಲದಲ್ಲೂ ಇಲ್ಲಿ ಮೈ ಬೆವರುತ್ತದೆ, ಕಡಲ ನೀರೂ ಬೆಚ್ಚಗೆ. ದೊರೆಗೆ ಕನ್ನಡ ಬಾರದು, ಮೀನಿರುವ ಜಾಗ ತೋರಿಸುವ ದೋಣಿಯ ಮುದುಕನಿಗೆ ಇಂಗ್ಲಿಷ್ ಬಾರದು. ನಡುವೆ ದುಭಾಷಿ ನಾನು. ಮೀನಿನ ವಾಸನೆಗೇ ಊಟ ಬಿಡುವ ಲಿಂಗವಂತನನ್ನು ಇದಕ್ಕೆ ಕರೆತಂದ ಮಹಾರಾಯ! ಹೊರಡುವಾಗ ನೀನು, "ಕಡ್ಲು ನೋಡ್ಕಂಡು ಬರ್ರಿ, ಮೀನು ಮಾತ್ರ ಮುಟ್ಟಬ್ಯಾಡ್ರಿ" ಎಂದು ನಕ್ಕಿದ್ದೆ. ಮುಟ್ಟಲಿಲ್ಲ. ಅದೊಂದನ್ನು ನಡೆಸಿದೆ.

ಐದನೆಯ ದಿನ ಬೆಳಿಗ್ಗೆ ದೊರೆ ದೊಡ್ಡ ಮೀನೊಂದನ್ನು ಒಳಗೆಳೆದು ಬಡಿಗೆಯಿಂದ ಬಡಿದ. ರಕ್ತ ನನ್ನ ಎದೆಗೆ ಸಿಡಿಯಿತು, ಲಿಂಗದ ಬೆಳ್ಳಿ ಕರಡಿಗೆಯಿಂದ ಎರಡೇ ಬೆರಳು ಕೆಳಗೆ. ಲಿಂಗಕ್ಕೆ ತಾಗೀತೆಂದು ಹೆದರಿ ಕೊರಳಿನಿಂದ ಶಿವದಾರ ತೆಗೆದೆ. ಮೈಯಿಂದ ಅಗಲಿಸಬಾರದಲ್ಲ, ಕರಡಿಗೆಯನ್ನು ರುಮಾಲಿನ ಮಡಿಕೆಗೆ ಸಿಕ್ಕಿಸಿ ತಲೆಗೆ ಸುತ್ತಿಕೊಂಡೆ. ತಲೆಯೂ ಮೈಯೇ ಎಂದು ಸಮಾಧಾನ. ಎಂಥ ಜಾಣ ನಿನ್ನ ಗಂಡ!

ಅಷ್ಟರಲ್ಲಿ ಇನ್ನೊಂದು ಮೀನು ಗಾಳ ಕಚ್ಚಿತು. ದೋಣಿ ವಾಲಿತು. ಅಂಚು ಹಿಡಿಯಲು ಬಾಗಿದೆ, ರುಮಾಲು ನೀರಿಗೆ ಬಿತ್ತು. ಬಿಳಿ ಬಟ್ಟೆ ಸ್ವಲ್ಪ ಹೊತ್ತು ತೇಲಿತು. "ಅಯ್ಯೋ, ನನ್ನ ಲಿಂಗ!" ಎಂದು ಕೂಗಿಕೊಂಡೆ. ಮೀನು ಇನ್ನೊಂದು ಕಡೆಗೆ ಎಳೆಯುತ್ತಿತ್ತು, ದೋಣಿ ತಿರುಗಲಿಲ್ಲ. ಮೀನು ಒಳಗೆ ಬರುವ ಹೊತ್ತಿಗೆ ಅಲ್ಲಿ ಬರೀ ನೀರು. ಆಮೇಲೆ ಮುದುಕ ಮೂರು ಸಲ ಮುಳುಗಿ ಹುಡುಕಿದ. ಹೋದದ್ದು ಕಲ್ಲೇ, ಬೇರೆ ಕೊಡಿಸುತ್ತೇನೆ ಬಿಡು ಎಂದ ದೊರೆ. ಅವನ ಬಾಯಿಗೆ ಮಣ್ಣು ಬೀಳ.

ದೊರೆ ಹಿಂದಿರುಗಿ ಹತ್ತು ದಿನವಾಯಿತು. ನಾನು ಜ್ವರವೆಂದು ಸುಳ್ಳು ಹೇಳಿ ಮುದುಕನ ಜಗಲಿಯಲ್ಲಿ ಉಳಿದಿದ್ದೇನೆ. ಹನ್ನೊಂದು ವರ್ಷ, ನಾನು ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗಲೆಲ್ಲ ಪತ್ರೆ ತಂದಿಟ್ಟವಳು ನೀನು. ಲಿಂಗ ಕಳೆದುಕೊಂಡವನು ನೀರನ್ನೂ ಮುಟ್ಟದೆ ಪ್ರಾಣ ಬಿಡಬೇಕೆಂದು ಹೇಳಿಕೊಟ್ಟವರು ನಿಮ್ಮ ಅಪ್ಪ. ಎರಡು ದಿನ ಉಪವಾಸವಿದ್ದೆ. ಮೂರನೆಯ ದಿನ ಮುದುಕನ ಮನೆಯ ಗಂಜಿ ಕುಡಿದೆ. ಹಸಿವಾಯಿತು, ಕುಡಿದೆ. ಮಠದಲ್ಲಿ ತಪ್ಪೊಪ್ಪಿಕೊಂಡರೆ ಮತ್ತೆ ಲಿಂಗ ಕಟ್ಟುತ್ತಾರೋ ಇಲ್ಲವೋ ತಿಳಿಯದು. ಮೊದಲು ನೀನು ಹೇಳು: ಬರಿಗೊರಳಲ್ಲಿ ಮನೆಗೆ ಬರಲೋ, ಬೇಡವೋ?

ಶಿವ ನಿನ್ನನ್ನೂ ಅವ್ವನನ್ನೂ ಚೆನ್ನಾಗಿಟ್ಟಿರಲಿ. ನನಗಾಗಿ ಕೇಳಿಕೊಳ್ಳಲು ನನಗೆ ಮುಖವಿಲ್ಲ.

ನಿನ್ನ
ಏಕಾಂತಪ್ಪ

ಮತ್ತೊಂದು ಮಾತು: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ದೋಣಿ ತಿರುಗಲಿಲ್ಲ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ರುಮಾಲು ಇನ್ನೂ ತೇಲುತ್ತಿದ್ದಾಗ ಮುದುಕ ಹುಟ್ಟು ಎತ್ತಿ ನನ್ನ ಮುಖ ನೋಡಿ, "ತಿರುಗಿಸಲಾ, ಒಡೆಯರೇ?" ಎಂದ. ತಿರುಗಿಸಬೇಡವೆಂದು ದೊರೆ ಇಂಗ್ಲಿಷಿನಲ್ಲಿ ಅರಚಿದ. ಮುದುಕನಿಗೆ ಅದು ಅರ್ಥವಾಗಲಿಲ್ಲ. ನನ್ನ ಬಾಯಿಯನ್ನೇ ಕಾಯುತ್ತ ನಿಂತ. ನಾನು ತಿರುಗಿಸು ಎಂದಿದ್ದರೆ ತಿರುಗಿಸುತ್ತಿದ್ದ. ಆಮೇಲೆ ದೊರೆ ಬೈಯುತ್ತಿದ್ದ, ಅಷ್ಟೇ. ಹದಿನಾಲ್ಕು ವರ್ಷ ಅವನ ಮಾತನ್ನು ಒಂದಕ್ಷರ ತಿದ್ದದೆ ಹೇಳಿ ರೂಢಿಯಾದ ಬಾಯಿ, ಸರ್ವಮಂಗಳ. "ತಿರುಗಿಸಬೇಡ" ಎಂದೆ.