ಪರಗಿ ಕಂಟಿಯ ಬಾಯಲ್ಲಿ ಬಂದೂಕು ಹಿಡಿದು ಕೂತವರಿಗೆ

ಕಾಲುವೆ ಕಾಮಗಾರಿಯ ಹಿರಿಯ ಅಧಿಕಾರಿಗಳಾದ ಮಾನ್ಯರೇ,

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಬದಿಗೆ ನಾವು ಬೆಳೆಸಿದ ಪರಗಿ ಕಂಟಿಯ ಬಾಯಲ್ಲಿ ಹೋದ ವಾರ ನೀವು ಚಿಗರಿ ಜಿಂಕೆಗಳ ಹಿಂಡನ್ನೇ ಕೊಂದಿರಿ. ನೀರು ತರುತ್ತೇವೆಂದು ಬಂದವರು ಮೊದಲು ಹರಿಸಿದ್ದು ರಕ್ತ.

ಮುಳ್ಳುಕಂಟಿಯನ್ನು ಯಾರಾದರೂ ಬೆಳೆಸುತ್ತಾರೆಯೇ ಎಂದು ನೀವು ನಗಬಹುದು. ನಾನೂ ನೆರೆಮನೆಯ ಖಾಸಿಂಬೀಯೂ ಈ ಊರಿಗೆ ಸೊಸೆಯಂದಿರಾಗಿ ಬಂದ ಕಾಲದಲ್ಲಿ ಬೆಳೆಸಿದ್ದು ಅದು. ಆಕೆಯ ಆಡುಗಳು ಪರಗಿ ಹಣ್ಣು ನುಂಗಿ, ಮೆಲುಕು ಹಾಕುವಾಗ ಉಗುಳಿದ ಬೀಜಗಳನ್ನು ದೊಡ್ಡಿಯಿಂದ ಆರಿಸಿ ಬರಡು ಮರಡಿಯಲ್ಲಿ ಊರಿದೆವು. ಮಳೆ ಕೈಕೊಟ್ಟ ವರ್ಷವೂ ಪರಗಿ ಹಸಿರಾಗಿಯೇ ಇತ್ತು. ನೆರಳಿಗೆ ಮೊಲ ಬಂತು, ಹಣ್ಣಿಗೆ ಗೌಜಲಕ್ಕಿ ಬಂತು, ಮರಿ ಹಾಕಲು ಚಿಗರಿ ಬಂತು.

ಬೇಲಿಗೆ ಒಣಮುಳ್ಳು ಕಡಿಯುವ ದಿನ ನಮ್ಮಲ್ಲೊಂದು ರೂಢಿ. ಊರ ಹಲಗಿಯವ ಹುಸೇನಪ್ಪ ಮೂಡಣ ದಿಕ್ಕಿನಿಂದ ಮೆಲ್ಲಗೆ ಹಲಗಿ ಬಾರಿಸುತ್ತಾನೆ, ಒಳಗಿನ ಜೀವಗಳು ಪಡುವಣ ಬಾಯಿಂದ ಹೊರಗೆ ಹೋಗುತ್ತವೆ, ಆಮೇಲೆ ಕೊಡಲಿ.

ಅದನ್ನು ತಿಳಿದುಕೊಂಡೇ ನಿಮ್ಮ ಅತಿಥಿಗಳನ್ನು ಬೇಟೆಗೆ ಕರೆತಂದಿರಲ್ಲವೇ? "ಮುಳ್ಳ ಕಡಸಾಕ ಬಂದೀರೇನ್ರೀ ಸಾಹೇಬ್ರ?" ಎಂದ ಹುಸೇನಪ್ಪ. "ಹೌದಪ್ಪ, ಬಾರಿಸು" ಎಂದಿರಿ. ಬಾರಿಸಿದ. ಚಿಗರಿಗಳು ಓಡಿ ಬರಲಿಲ್ಲ, ನಡೆದು ಬಂದವು, ನಿಮ್ಮ ಬಂದೂಕುಗಳ ಎದುರಿಗೆ. ಗಬ್ಬದ ಚಿಗರಿಯೊಂದರ ಹೊಟ್ಟೆ ಹರಿದು ಮರಿ ಮಣ್ಣಿಗೆ ಜಾರಿತು; ಒದ್ದಾಡುತ್ತಿದ್ದ ಅದನ್ನು ನಿಮ್ಮ ಜವಾನ ಬೂಟಿನಿಂದ ತುಳಿದ. ನಿಮ್ಮ ಬಂದೂಕಿನ ನಳಿಗೆ ಹಿಡಿದು ಜಗ್ಗಿದ ಖಾಸಿಂಬೀಯ ಬಾಯಿಗೆ ನೀವು ಹಿಡಿಕೆಯಿಂದ ಗುದ್ದಿದಿರಿ. ರಕ್ತ ಉಗುಳುತ್ತಲೇ ಆಕೆ, "ಹೊಡಿಯಲೇ ಬಾಡ್ಯಾ, ಇನ್ನೂ ಎರಡ ಹಲ್ಲ ಉಳದಾವ!" ಎಂದಳು. ನೀವು ನಿಮ್ಮ ಅತಿಥಿಗಳತ್ತ ತಿರುಗಿ, "ಎಂಥ ಶಿಸ್ತಿನ ಪ್ರಾಣಿಗಳು ನೋಡಿ" ಎಂದು ನಕ್ಕಿರಿ. ನಮ್ಮನ್ನು ನಂಬಿದ್ದಕ್ಕೆ ನಿಮ್ಮ ಭಾಷೆಯಲ್ಲಿ ಶಿಸ್ತು ಎನ್ನುತ್ತಾರೆಯೇ?

ಹುಸೇನಪ್ಪ ಅಂದೇ ಕುಡಗೋಲಿನಿಂದ ಹಲಗಿಯ ಚರ್ಮ ಸೀಳಿಹಾಕಿದ. "ಎವ್ವಾ, ನನ್ನ ಕೈಲೇನ ಕರಸಿ ಕೊಂದಾರ" ಎಂದು ಅತ್ತವನು ಇನ್ನೂ ಸರಿಯಾಗಿ ಉಂಡಿಲ್ಲ.

ಹೋಳಿ ಹುಣ್ಣಿಮೆಗೆ ಮತ್ತೆ ಬರುವಿರಂತೆ. ಹಲಗಿ ಇಲ್ಲದಿದ್ದರೆ ಬೆಂಕಿ ಹಚ್ಚಿಸುವಿರಂತೆ. ಉಳಿದ ಚಿಗರಿಗಳು ಮತ್ತೆ ಒಳಗೇ ಸೇರಿಕೊಂಡಿವೆ, ಎಲ್ಲಿಗೆ ಹೋದಾವು? ನನ್ನ ಮಗನ ವಯಸ್ಸಿನವರು ನೀವು. ರೊಟ್ಟಿ ಹಾಕಿ ಬುದ್ಧಿ ಹೇಳಬೇಕಾದವಳು ಹೀಗೆ ಪತ್ರಿಕೆಗೆ ಬರೆಯಬೇಕಾಯಿತು. ಈ ಕಂಟಿಯಲ್ಲಿ ಬಂದೂಕೂ ಬೆಂಕಿಯೂ ನಿಷಿದ್ಧವೆಂದು ನೀವೇ ಚಾವಡಿಯಲ್ಲಿ ನಿಂತು ಸಾರಬೇಕು. ಖಾಸಿಂಬೀಯ ಮುಂದೆ ತಲೆಬಾಗಬೇಕು. ಅಲ್ಲಿಯವರೆಗೆ ಊರ ಹೆಣ್ಣುಮಕ್ಕಳು ಕಂಟಿಯೊಳಗೇ ಇರುತ್ತೇವೆ. ಗುಂಡು ಹಾರಿಸುವ ಮೊದಲು ಒಮ್ಮೆ ಕೂಗಿ ಕೇಳಿ, ಸಾಹೇಬರೇ. ಒಳಗೆ ಅಲುಗುವುದೆಲ್ಲ ಚಿಗರಿಯಲ್ಲ.

ಇಂತಿ,
ಮುಳ್ಳಿನ ನಡುವೆ ಚಾಪೆ ಹಾಸಿಕೊಂಡಿರುವ
ಗುರುಲಿಂಗಮ್ಮ
ಮಸ್ಕಿ ಸೀಮೆ, ೧೯೫೪