ಜೇವರ್ಗಿ ಉತ್ತರ ಕೊಡುತ್ತಿಲ್ಲ

3 ಸೆಪ್ಟೆಂಬರ್ 2024, ಮಂಗಳವಾರ

ಮತ್ತೆ ಫೇಲ್. ಇನ್‌ಸ್ಟಾಲ್ ಕೊನೆಯವರೆಗೂ ಬಂದು ಬಿತ್ತು. ನಿನ್ನೆಯ ಅರ್ಧಂಬರ್ಧ ಫೈಲುಗಳು ಸ್ಟೋರೇಜಿನಲ್ಲಿ ಹಾಗೇ ಉಳಿದಿದ್ದವು. ಜಾಗ ಖಾಲಿ ಇಲ್ಲದಿದ್ದರೆ ಅದು ಒಪ್ಪುವುದಿಲ್ಲ. ಎಲ್ಲ ಅಳಿಸಿ ಮೊದಲಿನಿಂದ ಶುರು. ಮಧ್ಯಾಹ್ನದ ಊಟ ತಪ್ಪಿತು.

ಮೂರು ಹಳೆಯ ಸರ್ವರ್. ಯಾರೋ ಕಾಲೇಜಿಗೆ ದಾನ ಕೊಟ್ಟದ್ದು. ಅವುಗಳೊಳಗೆ ವರ್ಚುವಲ್ ಕಂಪ್ಯೂಟರ್ ಮಾಡಿ ಲ್ಯಾಬಿಗೆಲ್ಲ ಹಂಚಬೇಕು ಅನ್ನುವುದು ಮಹೇಶಕುಮಾರ ಸರ್ ಪ್ಲಾನ್. ಎಲ್ಲವೂ ಓಪನ್ ಸೋರ್ಸ್. ಇಷ್ಟನ್ನೂ ನೋಡಿಕೊಳ್ಳಲು ಎಂಜಿನ್ ಅನ್ನುವ ಒಂದು ಸಾಫ್ಟ್‌ವೇರ್ ಬೇಕು, ನಾವು ಹಾಕುತ್ತಿರುವುದು ಅದನ್ನೇ. ಅದಕ್ಕೆಂದು ಬೇರೆ ಮಶೀನ್ ಎಲ್ಲಿದೆ? ಹಾಗಾಗಿ ಎಂಜಿನ್ನೂ ಈ ಮೂರರಲ್ಲೇ ಒಂದರ ಒಳಗೆ, ವರ್ಚುವಲ್ ಆಗಿ ಇರಬೇಕು.

"ಬಾಡಿಗಿದಾರ ಮನಿ ಮಾಲಕಗೇ ಹುಕುಂ ಮಾಡಿದಂಗಾತಲ್ರಿ ಸರ್," ಅಂದ ಮಸೂದ. ನನ್ನ ಕ್ಲಾಸ್‌ಮೇಟ್. ಫಸ್ಟ್ ಇಯರಿನಿಂದ ಸರ್ ಆರಿಸಿದ್ದು ನಮ್ಮಿಬ್ಬರನ್ನೇ. ನನ್ನನ್ನು ಯಾಕೋ... ದಿನಾ ಬೆಳಿಗ್ಗೆ ಅನ್ನಿಸುತ್ತದೆ, ಇವತ್ತು ತೆಗೆದು ಹಾಕುತ್ತಾರೆ.

ಸರ್ವರುಗಳಿಗೆ ಹೆಸರಿಡಲು ಹೇಳಿದರು. ಕಾಲೇಜು ಇರುವುದು ಅಫಜಲಪುರದಲ್ಲಿ, ಹಾಗಾಗಿ ಒಂದು ಅಫಜಲಪುರ. ನನ್ನ ನರೋಣಾ ಆಳಂದ ತಾಲೂಕು, ಅದೊಂದು ಆಳಂದ. ಮಸೂದನದು ಜೇವರ್ಗಿ.

"ನಿಮ್ಮ ಆಳಂದ ಮೊದ್ಲ ಮಕ್ಕೋತದ ನೋಡು ಬೇ. ನಮ್ಮ ಜೇವರ್ಗಿ ಅಂದ್ರ ಕಬ್ಬಿಣ."

"ಹೋಗಲೇ. ಕಬ್ಬಿಣಕ್ಕ ಜಂಗ್ ಹಿಡೀತದ."

ನಕ್ಕೆ. ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಇರಬೇಕು.

8 ಸೆಪ್ಟೆಂಬರ್, ಭಾನುವಾರ

ಅವ್ವನ ಫೋನ್. ಹವಾಮಾನ, ತೊಗರಿ, ಪಕ್ಕದ ಮನೆಯ ಎಮ್ಮೆ. ಆಮೇಲೆ ವಿಷಯಕ್ಕೆ ಬಂದಳು.

"ಕಾಕಾ ವಕೀಲರ ಹತ್ರ ಮಾತಾಡ್ಯಾನ. ಏಳು ವರ್ಷ ಆತಲ್ಲ, ತೀರಿಕೊಂಡಾರಂತ ಕೋರ್ಟಿನ್ಯಾಗ ಬರಸ್ಕೊಬಹುದಂತ. ನಿನಗೂ ಹದಿನೆಂಟು ತುಂಬ್ಯಾವ. ನೀನೂ ಬಂದು ಹೇಳ್ಬೇಕಂತ."

"ಏನಂತ?"

"ನಿಮ್ಮಪ್ಪನ ಸುದ್ದಿ ಇಲ್ಲಂತ."

ಸಿಗ್ನಲ್ ಇಲ್ಲ ಅಂದು ಕಟ್ ಮಾಡಿದೆ. ಸಿಗ್ನಲ್ ಚೆನ್ನಾಗಿತ್ತು.

ಅಪ್ಪ ಬೋರ್‌ವೆಲ್ ಲಾರಿಯ ಜೊತೆ ಹೋದವನು. ಛತ್ತೀಸಗಡದ ಕಡೆ ಕೆಲಸ ಅಂದಿದ್ದ. ನಾನು ಆರನೇ ಕ್ಲಾಸ್, ರೆಸಿಡೆನ್ಶಿಯಲ್ ಸ್ಕೂಲು. ಒಂದು ಬುಧವಾರ ಸ್ಟಡಿ ಅವರ್‌ನಲ್ಲಿ ವಾರ್ಡನ್ ಮೇಡಮ್ ಬಂದು ಹೇಳಿದರು: ನಿಮ್ಮಪ್ಪ ಫೋನ್ ಮಾಡಿದ್ದ, ಭಾನುವಾರ ಮಾಡು ಅಂದೆ. ಅದು ಹಾಸ್ಟೆಲ್ ರೂಲ್. ಮೇಡಮ್ ಕೆಟ್ಟವರೇನಲ್ಲ. ಭಾನುವಾರ ಬೆಳಿಗ್ಗೆಯಿಂದ ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಆ ಭಾನುವಾರ. ಅದರ ಮುಂದಿನದು. ಅದರ ಮುಂದಿನದು...

20 ಸೆಪ್ಟೆಂಬರ್, ಶುಕ್ರವಾರ

ಎಂಜಿನ್ ಎದ್ದಿದೆ. ಆಳಂದದ ಒಳಗೆ ಕೂತು ಮೂರನ್ನೂ ನೋಡಿಕೊಳ್ಳುತ್ತಿದೆ. ಸರ್ ಎಲ್ಲರಿಗೂ ಚಹಾ ಕುಡಿಸಿದ್ದರು.

ಇವತ್ತು ಸ್ಕ್ರೀನಿನಲ್ಲಿ ಜೇವರ್ಗಿ ಕೆಂಪಗಾಯಿತು. ನಾನ್ ರೆಸ್ಪಾನ್ಸಿವ್. ಅದರೊಳಗಿದ್ದ ಹುಡುಗರ ವರ್ಚುವಲ್ ಮಶೀನುಗಳ ಮುಂದೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮಸೂದ ಮೆನು ತೆಗೆದ. ಅಲ್ಲೊಂದು ಬಟನ್ ಇದೆ. ಈ ಸರ್ವರ್ ನಿಂತುಹೋಗಿರುವುದು ಖಾತ್ರಿ ಅಂತ ನಾವು ಒತ್ತಬೇಕು. ಒತ್ತಿದರೆ ಎಂಜಿನ್ ಅದರ ಮಶೀನುಗಳನ್ನು ಬೇರೆ ಸರ್ವರಿನಲ್ಲಿ ಎಬ್ಬಿಸುತ್ತದೆ.

ಸರ್ ಅವನ ಕೈ ಹಿಡಿದರು. "ಹೋಗಿ ನೋಡಿಯೇನು?"

"ಉತ್ತರಾನೇ ಇಲ್ರಿ ಸರ್."

"ಉತ್ತರ ಇಲ್ಲಂದ್ರ ಸತ್ತದಂತೇನೋ? ಅಲ್ಲಿ ತನ್ನ ಕೆಲಸ ತಾ ಮಾಡ್ಕೋತ ಇರಬಹುದು. ನೀ ಸತ್ತದಂತ ಒತ್ತಿದಿ ಅಂದ್ರ ಅದೇ ಮಶೀನ್ ಇಲ್ಲಿ ಇನ್ನೊಂದು ಏಳ್ತದ. ಎರಡೂ ಒಂದೇ ಡಿಸ್ಕಿನ ಮ್ಯಾಲ ಬರೀತಾವ. ಎಲ್ಲಾ ಹಾಳು. ಕಣ್ಣಾರೆ ನೋಡ್ದೆ ಒತ್ತಬಾರದು, ತಿಳೀತಾ?"

ಜೇವರ್ಗಿ ಇರುವುದು ಹಳೆಯ ಲೈಬ್ರರಿ ಕೋಣೆಯಲ್ಲಿ. ಪ್ಯೂನ್ ಗುರುನಾಥ ಬೀಗ ತೆಗೆದ. ನೆಲ ಇನ್ನೂ ಹಸಿ. ಒರೆಸುವಾಗ ನೆಟ್‌ವರ್ಕ್ ವೈರು ಕಿತ್ತು ಬಂದಿತ್ತು, ಅಷ್ಟೇ. ಫ್ಯಾನ್ ತಿರುಗುತ್ತಿತ್ತು. ಹಸಿರು ದೀಪ ಮಿಣುಕುತ್ತಿತ್ತು. ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು.

ಬದುಕೇ ಇತ್ತು. ನಮಗೆ ಹೇಳಲಾಗಿರಲಿಲ್ಲ, ಅಷ್ಟೇ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

22 ಸೆಪ್ಟೆಂಬರ್, ಭಾನುವಾರ. ನರೋಣಾ

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಜಗದೇವ ಕಾಕಾ, ಅಪ್ಪನ ತಮ್ಮ, ಹೊಸ್ತಿಲಲ್ಲಿ ಕೂತಿದ್ದ. ಕೋರ್ಟಿಗೆ ಬರುವುದಿಲ್ಲ ಅಂದೆ.

"ಯಾಕ್ ಮೈತ್ರಿ?" ಅಂದ ಕಾಕಾ. "ಹೊಲ ಅಣ್ಣನ ಹೆಸರಿನ್ಯಾಗ ಅದ. ನಿಮ್ಮವ್ವ ದುಡೀತಾಳ, ಆದ್ರ ಯಾವ ಕಾಗದಕ್ಕೂ ಆಕಿ ಸಹಿ ನಡ್ಯಂಗಿಲ್ಲ."

"ಬರೇ ಹೊಲ ಅಲ್ಲ," ಅಂದಳು ಅವ್ವ, ಕಲ್ಲಿನಿಂದ ತಲೆ ಎತ್ತದೆ. "ಎಲ್ಲಿ ಹೋದ್ರೂ ಗಂಡ ಎಲ್ಲಿ ಅಂತಾರ. ಕುಂಕುಮ ಇಟ್ರೂ ಮಾತು, ಇಡದಿದ್ರೂ ಮಾತು. ನಾ ಏನಂತ ಹೇಳ್ಲಿ?"

"ಕಣ್ಣಾರೆ ನೋಡ್ದೆ ಸತ್ತಾನಂತ ಹ್ಯಾಂಗ ಹೇಳ್ತಿ? ನೋಡಿಯೇನು ನೀ?"

ಅವಳ ಕೈ ನಿಂತಿತು. ಮತ್ತೆ ಬಡಿಯತೊಡಗಿದಳು.

ಆ ಬಡಿಯುವ ಸದ್ದಿಗೆ ಸಿಟ್ಟು ಬಂತು. ಅಂದುಬಿಟ್ಟೆ: "ನಿನಗ ಅಪ್ಪ ಸಾಯೋದೇ ಬೇಕಾಗ್ಯಾದ."

ಕಾಕಾ ಎದ್ದು ಹೊರಗೆ ಹೋದ. ಅವ್ವ ರೊಟ್ಟಿ ತಿರುವಿ ಹಾಕಿದಳು. ತಾಟಿಗೆ ಪುಂಡಿಪಲ್ಯ ಬಡಿಸಿ ನನ್ನ ಮುಂದೆ ಸರಿಸಿದಳು. ಉಂಡೆ. ನಾವು ಹಾಸ್ಟೆಲಿನವರು, ಏನೇ ಆದರೂ ಉಣ್ಣುತ್ತೇವೆ.

14 ನವೆಂಬರ್, ಗುರುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಊರಿಗೂ ಹೋಗಲಿಲ್ಲ. ಅವ್ವ ಫೋನ್ ಮಾಡಿದರೆ ಕ್ಲಾಸ್ ಇದೆ ಅನ್ನುವುದು.

ಇವತ್ತು ಇಂಟರ್ನಲ್ ಪ್ರ್ಯಾಕ್ಟಿಕಲ್. ನಡುವೆ ಜೇವರ್ಗಿ ಕೆಂಪು. ಅರ್ಧ ಲ್ಯಾಬಿನ ಸ್ಕ್ರೀನು ಕಪ್ಪು. ನಾನೇ ಓಡಿದೆ, ವೈರೇ ಇರಬೇಕು ಅಂತ. ವೈರು ಸರಿ ಇತ್ತು. ದೀಪ ಇರಲಿಲ್ಲ. ಫ್ಯಾನಿನ ಸದ್ದಿಲ್ಲ. ಸುಟ್ಟ ವಾಸನೆ. ಪ್ಲಗ್ ತೆಗೆದು ಹಾಕಿದೆ, ಬೇರೆ ಬೋರ್ಡಿಗೆ ಹಾಕಿದೆ, ಮತ್ತೆ ತೆಗೆದೆ... ಕೈಯಿಟ್ಟೆ. ತಣ್ಣಗಾಗತೊಡಗಿತ್ತು.

ಮಸೂದ ಹಿಂದೆ ನಿಂತಿದ್ದ. ಯಾವಾಗಲೂ ಏನಾದರೂ ತಮಾಷೆ ಮಾಡುವವನು. "ಹೋತು ಬಿಡು," ಅಂದ. "ನಡಿ. ಹುಡುಗ್ರು ಕಾಯಾಕತ್ಯಾರ."

ಸರ್ ಮೌಸ್ ನನ್ನ ಕಡೆ ಸರಿಸಿದರು. "ನೋಡಿ ಬಂದಾಕಿ ನೀನು. ನೀನೇ ಒತ್ತು."

ಒತ್ತುವವರೆಗೂ ಆ ಮಶೀನುಗಳೆಲ್ಲ ಹಾಗೇ ಇದ್ದವು. ಸತ್ತೂ ಇಲ್ಲ, ಎದ್ದೂ ಇಲ್ಲ. ಒತ್ತಿದೆ. ಒಂದೊಂದಾಗಿ ಆಳಂದದಲ್ಲಿ ಎದ್ದವು. ಹಿಂದಿನ ಬೆಂಚಿನಿಂದ ಯಾರೋ "ಬಂತು, ಬಂತು" ಅಂದರು.

ಹಾಸ್ಟೆಲಿಗೆ ಬಂದು ಕಾಕಾಗೆ ಮೆಸೇಜ್ ಹಾಕಿದೆ. ಕೋರ್ಟಿಗೆ ಬರ್ತೇನಿ. ಅವ್ವನಿಗೆ ಹಾಕಲು ಆಗಲಿಲ್ಲ.

17 ಜನವರಿ 2025, ಶುಕ್ರವಾರ

ಆಳಂದ ಕೋರ್ಟ್. ನನ್ನ ಸರದಿ ಬೇಗ ಮುಗಿಯಿತು. ತಂದೆ ಶಿವರಾಯ ಅವರಿಂದ ಏಳು ವರ್ಷಗಳಲ್ಲಿ ಫೋನು, ಪತ್ರ, ಯಾವುದಾದರೂ ಸುದ್ದಿ? ಇಲ್ಲ. ದನಿ ನನ್ನದೇ ಅನ್ನಿಸಲಿಲ್ಲ.

ಅವ್ವನನ್ನೂ ಅದನ್ನೇ ಕೇಳಿದರು. "ಇಲ್ರಿ." ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿದಳು. ಕಟಕಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೋರ್ಟಿನ ಹೆದರಿಕೆ ಅಂದುಕೊಂಡೆ.

21 ಏಪ್ರಿಲ್, ಸೋಮವಾರ. ನರೋಣಾ

ಆದೇಶ ಬಂತು. ಕಾಗದದ ಮೇಲೆ ಅಪ್ಪ ಈಗ ಇಲ್ಲ.

ಕಾಕಾ ಆಳಂದದಲ್ಲಿ ವಕೀಲರ ಹತ್ತಿರ ಉಳಿದ. ಅವ್ವ ನನ್ನನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಕರೆದುಕೊಂಡು ಹೋದಳು. ಅಪ್ಪನ ವೋಟರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಬೇಕು, ಗೋಡೆಗೆ, ಬಾಬಾಸಾಹೇಬರ ಫೋಟೊದ ಕೆಳಗೆ. ಪುಣ್ಯಾನುಮೋದನೆ, ತೀರಿಕೊಂಡವರಿಗೆ ನಮ್ಮ ಬೌದ್ಧರು ಮಾಡುವ ಪ್ರಾರ್ಥನೆ, ಇಡೋಣ ಅಂದಳು. ಸ್ಟುಡಿಯೋದ ಹಫೀಜ ಚಾಚಾ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡತೊಡಗಿದರು.

"ಅಷ್ಟು ಬೆಳ್ಳಗ ಇರ್ಲಿಲ್ರಿ ಅವರು," ಅಂದಳು ಅವ್ವ.

"ಅಮ್ಮಾ, ಫ್ರೇಮಿನ್ಯಾಗ ಎಲ್ಲಾರೂ ಬೆಳ್ಳಗೇ ಇರ್ತಾರ." ನಕ್ಕು ಕೇಳಿದರು, "ಕೆಳಗ ಬರೀಬೇಕು. ತೀರಿಕೊಂಡಿದ್ದು ಯಾವ ತಾರೀಖು?"

ನಾನು ಬ್ಯಾಗಿನಿಂದ ಆದೇಶದ ಕಾಪಿ ತೆಗೆಯುತ್ತಿದ್ದೆ.

"ಆಗಸ್ಟ್ ಹನ್ನೊಂದು," ಅಂದಳು ಅವ್ವ. "ಎರಡು ಸಾವಿರದ ಹದಿನೇಳು."

ಯೋಚಿಸಲಿಲ್ಲ. ತಡವರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹಫೀಜ ಚಾಚಾ ಟೈಪ್ ಮಾಡಿದರು.

ಆ ತಾರೀಖು ಹೇಗೆ ಗೊತ್ತು ಅಂತ ಬಸ್ಸಿನಲ್ಲಿ ಕೇಳಿದೆ. ಕಿಟಕಿಯ ಕಡೆ ತಿರುಗಿಯೇ ಹೇಳಿದಳು.

"ಲಾರಿ ಮಾಲಕ ಫೋನ್ ಮಾಡಿದ್ದ. ನಿಮ್ಮ ಕಾಕಾಗೂ ಹೇಳ್ದೆ ನಾ ಒಬ್ಬಾಕಿನೇ ಛತ್ತೀಸಗಡಕ್ಕ ಹೋದೆ. ಪೊಲೀಸ್ ಸ್ಟೇಷನ್ನಿನ್ಯಾಗ ಫೋಟೊ ತೋರ್ಸಿದ್ರು. ಆಗಸ್ಟ್ ಹನ್ನೊಂದಕ್ಕ ಹೊಳ್ಯಾಗ ಹೆಣ ಸಿಕ್ಕಿತ್ತಂತ. ಅಷ್ಟೊತ್ತಿಗೆ ಮಣ್ಣು ಮಾಡಿಬಿಟ್ಟಿದ್ರು. ಇವರೇ ಏನಮ್ಮಾ ನಿಮ್ಮವರು ಅಂದ್ರು. ಅಲ್ರಿ ಅಂದೆ."

"ಅವನೇ ಇದ್ನಾ?"

ಹೌದೆಂದು ತಲೆ ಆಡಿಸಿದಳು.

"ಮತ್ತ ಯಾಕ ಅಲ್ಲ ಅಂದಿ?"

"ಬಾಯಿಗೆ ಅದೇ ಬಂತು. ನೀ ಅಲ್ಲಿ ಮೆಟ್ಟಿಲ ಮ್ಯಾಲ ಕುಂತು ಕಾಯ್ತಿ ಅಂತ ಮೇಡಮ್ ಹೇಳಿದ್ರು. ಒಂದ್ ಸಲ ಅಲ್ಲ ಅಂದ ಮ್ಯಾಲ ಹೌದು ಅನ್ನಾಕ ಯಾರ ಹತ್ರ ಹೋಗ್ಲಿ, ಮೈತ್ರಿ?"

ಫ್ರೇಮು ಅವಳ ತೊಡೆಯ ಮೇಲಿತ್ತು, ಪೇಪರ್ ಸುತ್ತಿ. ಬಸ್ಸು ಎಗರಿದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

27 ಏಪ್ರಿಲ್, ಭಾನುವಾರ. ಹಾಸ್ಟೆಲ್

ಹೊಸ ಪವರ್ ಸಪ್ಲೈ ಬಂದಿದೆಯಂತೆ. ಜೇವರ್ಗಿಯನ್ನು ಮತ್ತೆ ಸೇರಿಸಬೇಕು, ಬಾ ಅಂದ ಮಸೂದ. ನಾಳೆ ಅಂದೆ.

ರೊಟ್ಟಿಯ ಮುಂದೆ ನಾನು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ. ಏಳು ವರ್ಷ ಅಪ್ಪನ ಸಾವನ್ನು ಒಬ್ಬಳೇ ನುಂಗಿಕೊಂಡು ಅವಳು ನನಗೆ ತಾಟು ಸರಿಸಿದ್ದು. ಊರಲ್ಲಿದ್ದಾಗ ಹೇಳಲಾಗಲಿಲ್ಲ. ಫೋನಿನಲ್ಲಾದರೂ ಹೇಳಬೇಕೆಂದು ಈಗಷ್ಟೇ ಮಾಡಿದ್ದೆ.

"ಉಂಡಿ?" ಅಂದಳು.

ಉಂಡೆ ಅಂದೆ. ನೀನು? ಉಂಡೆ. ನಾನು ಫೋನ್ ಇಡಲಿಲ್ಲ. ಅವಳೂ ಫೋನ್ ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಅವ್ವಾ, ಅವತ್ತು ನಾ— ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವಳೇ ಅಂದಳು, "ಗೊತ್ತದ ಬಿಡು, ಮೈತ್ರಿ. ಬರೋ ಭಾನುವಾರನೂ ಫೋನ್ ಮಾಡು, ಕಾಯ್ತೀನಿ."